ರಣಹದ್ದಿನ ಉಳಿವು ನಮ್ಮ ಕೊಟ್ಟಿಗೆಯಲ್ಲಿದೆ

ಸತ್ತ ರಾಸುಗಳನ್ನು ತಿಂದು ಊರಿನ ಸುತ್ತಮುತ್ತ ಶುಚಿಯಾಗಿಡುವ ಹಕ್ಕಿ ರಣಹದ್ದು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ಇವುಗಳ ಅಭಯಧಾಮವೆಂದು ಘೋಷಿಸಲಾಯಿತು. ಆದರೆ ಬೆಟ್ಟ ಕಾಯ್ದರಷ್ಟೇ ಸಾಲದು. ಅವು ಆಹಾರ ಹುಡುಕುವುದು ದೂರದೂರದ ಊರುಗಳ ಬಯಲಿನಲ್ಲಿ.

ನೋವು, ಬಾವುಗಳಿಗೆ ಡೈಕ್ಲೋಫೆನಾಕ್ ಚುಚ್ಚುಮದ್ದು ಪಡೆದ ರಾಸು ಒಂದೆರಡು ದಿನದಲ್ಲಿ ಸತ್ತರೆ, ಔಷಧಿಯ ಅಂಶ ಮಾಂಸದಲ್ಲಿ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದು ಮೂತ್ರಪಿಂಡ ಕೆಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಆದ್ದರಿಂದಲೇ ಪಶುಗಳಿಗೆ ಇದನ್ನು 2006ರಲ್ಲಿ, ಕೀಟೋಪ್ರೊಫೆನ್ ಹಾಗೂ ಅಸೆಕ್ಲೋಫೆನಾಕ್‌ಗಳನ್ನು 2023ರಲ್ಲಿ ನಿಷೇಧಿಸಲಾಯಿತು.

ಉತ್ಪಾದಕ ಬಾಂಧವರು ಗಮನಿಸಬೇಕಾದದ್ದು:

1. ಮನುಷ್ಯರಿಗೆಂದು ಮಾರುವ ನೋವಿನ ಚುಚ್ಚುಮದ್ದನ್ನು ರಾಸುಗಳಿಗೆ ಹಾಕಿಸಬೇಡಿ.
2. ಪಶುವೈದ್ಯರನ್ನು ಕರೆಸಿ, ರಣಹದ್ದಿಗೆ ಹಾನಿಯಿಲ್ಲದ ಮೆಲಾಕ್ಸಿಕಾಮ್ ಬಗ್ಗೆ ವಿಚಾರಿಸಿ.
3. ಚಿಕಿತ್ಸೆಯಲ್ಲಿದ್ದ ರಾಸು ಸತ್ತರೆ ಬಯಲಿಗೆ ಎಸೆಯದೆ ಆಳವಾಗಿ ಹೂಳಿರಿ.