ಮಾನವ ಸಂಪನ್ಮೂಲ ನಿರ್ವಹಣೆ: ಸ್ನಾತಕೋತ್ತರ ವ್ಯಾಸಂಗದ ಒಳಹೊರಗು

ನಮ್ಮ ಶಾಲೆಯಲ್ಲಿ ಅಕ್ಷರಾಭ್ಯಾಸ ಮಾಡಿ, ಮುಂದೆ ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಪದವಿ ಮುಗಿಸಿದ ತರುಣ ತರುಣಿಯರಲ್ಲಿ ಹಲವರು ಇಂದು ಮಾನವ ಸಂಪನ್ಮೂಲ ನಿರ್ವಹಣೆಯನ್ನು ಸ್ನಾತಕೋತ್ತರ ವ್ಯಾಸಂಗಕ್ಕೆ ಆಯ್ದುಕೊಳ್ಳುತ್ತಾರೆ. ‘ಎಚ್.ಆರ್.’ ಎಂದರೆ ಸಂದರ್ಶನ ನಡೆಸಿ ಕೆಲಸ ಕೊಡುವವರು, ಕೆಲಸದಿಂದ ತೆಗೆಯುವವರು ಎಂಬಷ್ಟೇ ತಿಳಿವಳಿಕೆ ಹೆತ್ತವರಲ್ಲಿಯೂ, ಕೆಲವೊಮ್ಮೆ ವಿದ್ಯಾರ್ಥಿಗಳಲ್ಲಿಯೂ ಇರುವುದುಂಟು. ಈ ವಿದ್ಯೆ ಏನನ್ನು ಕಲಿಸುತ್ತದೆ, ನಮ್ಮ ಗಡಿನಾಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಅದು ದಕ್ಕುವುದೇ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

‘ಸಂಪನ್ಮೂಲ’ವೆಂಬ ಪದ ನನಗೆ ಪೂರ್ಣವಾಗಿ ಒಪ್ಪಿಗೆಯಾದುದಲ್ಲ. ಕಲ್ಲಿದ್ದಲು, ನೀರು, ಬಂಡವಾಳಗಳ ಸಾಲಿನಲ್ಲಿ ಮನುಷ್ಯನನ್ನೂ ತಂದು ನಿಲ್ಲಿಸುವ ಧ್ವನಿ ಅದರಲ್ಲಿದೆ. 1985ರಿಂದ 2020ರವರೆಗೆ ಕೇಂದ್ರದ ಶಿಕ್ಷಣ ಖಾತೆಗೂ ಇದೇ ಹೆಸರಿದ್ದುದರಿಂದ ಗೊಂದಲ ಮತ್ತಷ್ಟು ಹೆಚ್ಚಿತ್ತು. ಆದರೆ ಪದ ಬಳಕೆಯಲ್ಲಿ ನೆಲೆನಿಂತಿದೆ; ಅದರೊಡನೆ ಜಗಳವಾಡಿ ಪ್ರಯೋಜನವಿಲ್ಲ.

ಈ ಶಾಸ್ತ್ರ ನಮ್ಮ ದೇಶದಲ್ಲಿ ಹುಟ್ಟಿದುದು ಕಚೇರಿಯಲ್ಲಲ್ಲ, ಗಿರಣಿಯ ಬಾಗಿಲಲ್ಲಿ. ಹತ್ತಿಗಿರಣಿಗಳಲ್ಲಿ ಕೂಲಿಗಳನ್ನು ಸೇರಿಸುವ, ತೆಗೆಯುವ ಅಧಿಕಾರವೆಲ್ಲ ಜಾಬರನೆಂಬ ಮೇಸ್ತ್ರಿಯ ಕೈಯಲ್ಲಿತ್ತು. ಅವನಿಗೆ ಮಾಮೂಲು ಸಲ್ಲಿಸದೆ ಕೆಲಸ ಸಿಗುತ್ತಿರಲಿಲ್ಲ. 1929ರಲ್ಲಿ ನೇಮಕಗೊಂಡ ವ್ಹಿಟ್ಲಿ ಆಯೋಗವು 1931ರ ತನ್ನ ವರದಿಯಲ್ಲಿ ಈ ಪದ್ಧತಿಯನ್ನು ಖಂಡಿಸಿ, ನೇಮಕಕ್ಕೆ ಪ್ರತ್ಯೇಕ ಕಾರ್ಮಿಕ ಅಧಿಕಾರಿ ಇರಬೇಕೆಂದಿತು. 1948ರ ಕಾರ್ಖಾನೆ ಕಾಯಿದೆ 500 ಅಥವಾ ಅದಕ್ಕೂ ಹೆಚ್ಚು ಕೆಲಸಗಾರರಿರುವಲ್ಲಿ ಕ್ಷೇಮಾಧಿಕಾರಿಯನ್ನು ಕಡ್ಡಾಯಗೊಳಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಒಂದು ಈ ಮಿತಿಯನ್ನು 250ಕ್ಕೆ ಇಳಿಸಿದೆ.

ಅಧಿಕಾರಿ ಬೇಕೆಂದಾಗ ಅವನನ್ನು ತರಬೇತುಗೊಳಿಸುವ ವಿದ್ಯಾಲಯವೂ ಬೇಕಷ್ಟೆ. 1936ರಲ್ಲಿ ಮುಂಬಯಿಯಲ್ಲಿ ಸಮಾಜಕಾರ್ಯದ ಶಾಲೆಯಾಗಿ ಆರಂಭವಾದ ಟಾಟಾ ಸಂಸ್ಥೆ, 1949ರಲ್ಲಿ ಜಮ್‌ಶೆಡ್‌ಪುರದಲ್ಲಿ ಸ್ಥಾಪನೆಯಾದ ಎಕ್ಸ್.ಎಲ್.ಆರ್.ಐ., ನಮಗೆ ಸಮೀಪದಲ್ಲಿ 1960ರಲ್ಲಿ ಮಂಗಳೂರಿನಲ್ಲಿ ತೆರೆದ ರೋಶನಿ ನಿಲಯ ಇವೆಲ್ಲ ಆ ಪರಂಪರೆಯವು. 1975ರಲ್ಲಿ ಲಾರ್ಸನ್ ಅಂಡ್ ಟೂಬ್ರೊ ಸಂಸ್ಥೆಗಾಗಿ ಉದಯ ಪಾರೀಕ್ ಮತ್ತು ಟಿ.ವಿ. ರಾವ್ ಎಂಬ ಪ್ರಾಧ್ಯಾಪಕರು ರೂಪಿಸಿದ ಯೋಜನೆಯಿಂದ, ಶಿಸ್ತು ಮತ್ತು ಕ್ಷೇಮದ ಜೊತೆಗೆ ನೌಕರನ ಬೆಳವಣಿಗೆಯೂ ಈ ಶಾಸ್ತ್ರದ ವಿಷಯವಾಯಿತು.

ಇದರಿಂದಾಗಿ ಇಂದು ಈ ವಿದ್ಯೆಗೆ ಬಾಗಿಲು ಒಂದಲ್ಲ. ಸಮಾಜಕಾರ್ಯದ ಎಂ.ಎಸ್.ಡಬ್ಲ್ಯು.ನಲ್ಲಿ ಇದನ್ನು ವಿಶೇಷ ವಿಷಯವಾಗಿ ಓದಬಹುದು, ಎಂ.ಬಿ.ಎ.ಯಲ್ಲಿಯೂ ಓದಬಹುದು, ಮನೆಯಲ್ಲಿದ್ದೇ ಓದಬೇಕಾದವರಿಗೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯವಿದೆ. ಎಂ.ಬಿ.ಎ.ಯಲ್ಲಿ ಹಣಕಾಸು, ಮಾರುಕಟ್ಟೆಗಳ ಜ್ಞಾನ ಅಧಿಕ. ಸಮಾಜಕಾರ್ಯದಲ್ಲಿ ತರಗತಿಯ ಜೊತೆಜೊತೆಗೇ ವಾರವಾರವೂ ಕ್ಷೇತ್ರಕಾರ್ಯವಿರುತ್ತದೆ. ದೊಡ್ಡ ಸಂಬಳದ ಮೊದಲ ನೌಕರಿಗೆ ಮೊದಲನೆಯದು ಅನುಕೂಲವಾದೀತು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕುಳಿತು ಕೆಲಸಗಾರನ ಮಾತು ಕೇಳುವ ಅಭ್ಯಾಸ ಎರಡನೆಯದರಿಂದ ಬರುತ್ತದೆ. ನನ್ನ ಒಲವು ಎರಡನೆಯದರ ಕಡೆಗೆ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ನಿಯಮಗಳಿರುವುದರಿಂದ, ಆಯಾ ವರ್ಷದ ಕೈಪಿಡಿಯನ್ನು ಓದಿ, ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರವನ್ನು ಮೊದಲೇ ಪಡೆದಿಟ್ಟುಕೊಳ್ಳುವುದು ಕ್ಷೇಮ.

ಪಾಠಕ್ರಮದ ಹೆಸರುಗಳನ್ನು ಪಟ್ಟಿಮಾಡುವುದಕ್ಕಿಂತ ನಮ್ಮ ಊರಿನದೇ ಒಂದು ಉದಾಹರಣೆಯನ್ನು ನೋಡೋಣ. ಕಾಸರಗೋಡು, ಮಂಜೇಶ್ವರ ಕಡೆಯ ಎಷ್ಟೋ ಮನೆಗಳ ಜಗಲಿಯಲ್ಲಿ ತಾಯಂದಿರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರುವುದು. ಕಟ್ಟಿದ ಬೀಡಿಯನ್ನು ಒಯ್ದು ಒಪ್ಪಿಸುವುದು. ಸರಿಯಿಲ್ಲವೆಂದು ಅಲ್ಲಿ ತೆಗೆದಿಟ್ಟುದನ್ನು ಕಳೆದು, ಉಳಿದುದಕ್ಕೆ ಸಾವಿರದ ಲೆಕ್ಕದಲ್ಲಿ ಮಜೂರಿ ಪಡೆಯುವುದು. ಈ ತಾಯಿ ಯಾರ ನೌಕರಳು? ಆಕೆಗೆ ಹಾಜರಿಯಿಲ್ಲ, ಮೇಲ್ವಿಚಾರಕನಿಲ್ಲ, ಕೆಲಸದ ವೇಳೆಯಿಲ್ಲ. ಕಂಪನಿಯಂತೂ ತನಗೂ ಆಕೆಗೂ ಸಂಬಂಧವಿಲ್ಲ, ಆಕೆಗೆ ಕೆಲಸ ಕೊಟ್ಟವನು ಕಂಟ್ರಾಕ್ಟುದಾರ ಎನ್ನಬಹುದು.

ಕಾರ್ಮಿಕ ಕಾನೂನಿನ ಪತ್ರಿಕೆಯಲ್ಲಿ ವಿದ್ಯಾರ್ಥಿ ಎದುರಿಸುವ ಮೊದಲ ಪ್ರಶ್ನೆಯೇ ಇದು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಮನೆಯಲ್ಲಿ ದುಡಿಯುವವರನ್ನೂ ತನ್ನ ವ್ಯಾಪ್ತಿಗೆ ತಂದಿತು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮೊದಲಾದವರು ಅದನ್ನು ಪ್ರಶ್ನಿಸಿದಾಗ 1974ರಲ್ಲಿ ಸರ್ವೋಚ್ಚ ನ್ಯಾಯಾಲಯ ಕಾಯಿದೆಯನ್ನು ಎತ್ತಿಹಿಡಿಯಿತು. ಭವಿಷ್ಯನಿಧಿಯ ಪ್ರಶ್ನೆ ಬೇರೆಯಾಗಿ ಉಳಿದಿತ್ತು. ಅದು 1985ರಲ್ಲಿ ಪಿ.ಎಂ. ಪಟೇಲ್ ಮೊಕದ್ದಮೆಯಲ್ಲಿ ಇತ್ಯರ್ಥವಾಯಿತು. ಅಲ್ಲಿ ನ್ಯಾಯಾಲಯ ಹಿಡಿದ ಎಳೆ ಗಮನಾರ್ಹವಾದುದು: ಬೀಡಿ ಸರಿಯಿಲ್ಲವೆಂದು ತಿರಸ್ಕರಿಸುವ ಹಕ್ಕು ಯಾರಿಗಿದೆಯೋ ಅವರಿಗೆ ಕೆಲಸದ ಮೇಲೆ ಹತೋಟಿಯಿದೆ, ಆದುದರಿಂದ ಮನೆಯಲ್ಲಿ ಕಟ್ಟುವವರೂ ಅವರ ನೌಕರರೇ. ತಾಯಂದಿರಿಗೆ ನಷ್ಟದ ಬಾಬತ್ತಾಗಿ ಕಂಡ ಆ ತಿರಸ್ಕಾರವೇ ಅವರ ಹಕ್ಕಿಗೆ ಸಾಕ್ಷಿಯಾಯಿತು.

ಇದಕ್ಕೆ ಇನ್ನೊಂದು ಮುಖವೂ ಇದೆ. ಕೇರಳದಲ್ಲಿ ಈ ಕಾಯಿದೆಯನ್ನು ಜಾರಿಗೊಳಿಸಲು ಹೊರಟಾಗ, 1968ರಲ್ಲಿ ಮಂಗಳೂರು ಮೂಲದ ಬೀಡಿ ಮಾಲಿಕರು ಕಣ್ಣೂರು ಕಡೆಯ ತಮ್ಮ ಕೇಂದ್ರಗಳನ್ನು ಮುಚ್ಚಿದರು. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. ಅವರಿಗಾಗಿ 1969ರ ಫೆಬ್ರವರಿಯಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಹಕ್ಕು ಕೊಡುವ ಕಾನೂನು ಕೆಲಸವನ್ನೇ ಕಳೆಯಬಹುದೇ, ಕಳೆದಾಗ ಕೆಲಸಗಾರರೇ ಸಂಸ್ಥೆಯನ್ನು ನಡೆಸಬಲ್ಲರೇ ಎಂಬ ಪ್ರಶ್ನೆಗಳಿಗೆ ನಮ್ಮ ಪಕ್ಕದಲ್ಲಿಯೇ ಇಂಥ ಪ್ರಸಂಗವಿರುವಾಗ, ವಿದ್ಯಾರ್ಥಿಗಳು ಅಮೆರಿಕದ ಹಾಥಾರ್ನ್ ಕಾರ್ಖಾನೆಯ ಪ್ರಯೋಗವನ್ನಷ್ಟೇ ಕಂಠಪಾಠ ಮಾಡಿ ಪರೀಕ್ಷೆ ಬರೆಯುವುದು ವಿಷಾದದ ಸಂಗತಿ.

ಲೆಕ್ಕದ ಭಾಗವನ್ನು ಕಂಡು ಕಲಾ ಪದವೀಧರರು ಅಂಜುತ್ತಾರೆ. ಅಂಜಬೇಕಾದ ಗಣಿತವೇನೂ ಅಲ್ಲಿಲ್ಲ. ಒಬ್ಬನಿಗೆ ತಿಂಗಳಿಗೆ ರೂ. 20,000 ಬರುತ್ತದೆನ್ನಿ, ಅದರಲ್ಲಿ ಮೂಲವೇತನ 8,000, ಮನೆಬಾಡಿಗೆ, ಪ್ರಯಾಣ ಮೊದಲಾದ ಭತ್ಯೆಗಳು 12,000. ಹಳೆಯ ಕ್ರಮದಲ್ಲಿ ಗ್ರಾಚ್ಯುಯಿಟಿಗೆ 8,000 ಮಾತ್ರ ಆಧಾರ. ಹೊಸ ವೇತನ ಸಂಹಿತೆಯ ಪ್ರಕಾರ ಇಂಥ ಭತ್ಯೆಗಳು ಒಟ್ಟು ಮೊತ್ತದ ಅರ್ಧವನ್ನು ಮೀರಿದರೆ ಮೀರಿದ ಪಾಲನ್ನು ವೇತನಕ್ಕೆ ಸೇರಿಸಬೇಕು. ಇಲ್ಲಿ ಅರ್ಧವೆಂದರೆ 10,000, ಮೀರಿದುದು 2,000, ಆದುದರಿಂದ ವೇತನ 10,000. ಗ್ರಾಚ್ಯುಯಿಟಿಯ ಸೂತ್ರ: ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸುವುದು. ಹತ್ತು ವರ್ಷದ ಸೇವೆಗೆ ಮೊದಲಿನ ಲೆಕ್ಕದಲ್ಲಿ ಸುಮಾರು ರೂ. 46,154; ಈಗಿನ ಲೆಕ್ಕದಲ್ಲಿ ಸುಮಾರು ರೂ. 57,692. ಊರುಬಿಟ್ಟು ದೂರದ ನಗರಗಳಲ್ಲಿ ದುಡಿಯುತ್ತಿರುವ ನಮ್ಮ ಹಳೆವಿದ್ಯಾರ್ಥಿಗಳು ತಮ್ಮ ವೇತನದ ಚೀಟಿಯನ್ನು ತೆಗೆದು ಈ ಲೆಕ್ಕವನ್ನೊಮ್ಮೆ ಹಾಕಿನೋಡಬಹುದು.

ಇನ್ನು ಭಾಷೆಯ ತೊಡಕು. ಪಠ್ಯಪುಸ್ತಕಗಳು ಬಹುತೇಕ ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದಿಂದ ಹೋದವರಿಗೆ ಮೊದಲ ಸೆಮಿಸ್ಟರು ಕಠಿನವಾಗುವುದು ನಿಜ. ಆದರೆ ಕಷ್ಟವಿರುವುದು ಇಂಗ್ಲಿಷಿನಲ್ಲಿ ಮಾತ್ರವಲ್ಲ, ಪರಿಭಾಷೆಯಲ್ಲಿ. ಪತ್ರಿಕೆಗಳು ‘ವಜಾ’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುವ ಸಂಗತಿ ಕಾನೂನಿನಲ್ಲಿ ಮೂರಾಗಿ ಒಡೆಯುತ್ತದೆ. ಕಚ್ಚಾ ಸಾಮಗ್ರಿಯೋ ವಿದ್ಯುತ್ತೋ ಇಲ್ಲದೆ ತಾತ್ಕಾಲಿಕವಾಗಿ ಕೆಲಸ ಕೊಡಲಾಗದಿದ್ದರೆ ಅದು ಲೇ-ಆಫ್. ಆಗ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ. ಹೆಚ್ಚುವರಿಯೆಂದು ಶಾಶ್ವತವಾಗಿ ಬಿಡಿಸಿದರೆ ರಿಟ್ರೆಂಚ್‌ಮೆಂಟ್. ಅದಕ್ಕೆ ಪೂರ್ಣಗೊಂಡ ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನ. ದುರ್ವರ್ತನೆ ಸಾಬೀತಾಗಿ ತೆಗೆದರೆ ಮಾತ್ರ ಅದು ನಿಜವಾದ ವಜಾ. ಇವನ್ನು ಒಂದು ಪುಸ್ತಕದಲ್ಲಿ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದ ವಿವರಣೆ ಎಂದು ಬರೆದಿಟ್ಟುಕೊಂಡವನಿಗೆ ಎರಡನೆಯ ಸೆಮಿಸ್ಟರಿಗಾಗುವಾಗ ಇಂಗ್ಲಿಷ್ ಮಾಧ್ಯಮದವನ ಭಯ ಉಳಿಯುವುದಿಲ್ಲ.

ನೌಕರಿಗೆ ಸೇರಿದ ಮೇಲಂತೂ ತಕ್ಕಡಿ ನಮ್ಮ ಕಡೆಗೇ ವಾಲುತ್ತದೆ. 1946ರ ಸ್ಥಾಯಿ ಆದೇಶಗಳ ಕಾಯಿದೆಯೇ, ಸಂಸ್ಥೆಯ ನಿಯಮಗಳನ್ನು ಇಂಗ್ಲಿಷಿನ ಜೊತೆಗೆ ಬಹುಪಾಲು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಪ್ರಕಟಿಸಬೇಕೆಂದು ವಿಧಿಸಿತ್ತು. ಶಿಸ್ತು ವಿಚಾರಣೆಯಲ್ಲಿ ಆರೋಪವೇನೆಂದು ಅರ್ಥವಾಗದವನು ಉತ್ತರ ಕೊಡುವುದಾದರೂ ಹೇಗೆ? ತುಳು, ಕನ್ನಡ, ಮಲಯಾಳಗಳನ್ನು ಆಡುತ್ತ ಬೆಳೆದ ನಮ್ಮ ಮಕ್ಕಳು ದುಭಾಷಿಯ ಹಂಗಿಲ್ಲದೆ ಮೂರು ಬಗೆಯ ಕೆಲಸಗಾರರ ಮಾತನ್ನು ಕೇಳಬಲ್ಲರು.

ಒಂದು ಇಕ್ಕಟ್ಟನ್ನು ಮರೆಮಾಚಬಾರದು. ಈ ಅಧಿಕಾರಿಗೆ ಸಂಬಳ ಕೊಡುವವನು ಮಾಲಿಕ; ಅವನು ಎದುರುಗೊಳ್ಳುವವನು ಕೆಲಸಗಾರ. ಸಂಘಗಳು ಅವನನ್ನು ಮಾಲಿಕನ ಮನುಷ್ಯನೆನ್ನುತ್ತವೆ, ಮಾಲಿಕ ಸಂಘದ ಪಕ್ಷಪಾತಿಯೆನ್ನುತ್ತಾನೆ. ಎರಡು ಕಡೆಯ ದೂರೂ ಬರುತ್ತಿದ್ದರೆ ಅಧಿಕಾರಿ ಸುಮಾರಾಗಿ ಸರಿಯಾದ ಜಾಗದಲ್ಲಿ ನಿಂತಿದ್ದಾನೆಂದು ತಿಳಿಯಬಹುದು. ಒಂದೇ ಕಡೆಯಿಂದ ಬರುತ್ತಿದ್ದರೆ ಯೋಚಿಸಬೇಕು. ಇದನ್ನು ತಾಳಲಾರದವರು ಅಧ್ಯಾಪನಕ್ಕೆ ಹೋಗಬಹುದು, ಯು.ಜಿ.ಸಿ.ಯ ನೆಟ್ ಪರೀಕ್ಷೆಯಲ್ಲಿ ಇದಕ್ಕೆ ಪ್ರತ್ಯೇಕ ವಿಷಯಸ್ಥಾನವಿದೆ.

ಕೊನೆಯ ಸೆಮಿಸ್ಟರಿನ ಪ್ರಬಂಧಕ್ಕೆ ವಿಷಯವನ್ನು ಅರಸುತ್ತ ವಿದ್ಯಾರ್ಥಿಗಳು ಬೆಂಗಳೂರಿನ ಕಂಪನಿಗಳಿಗೆ ಪ್ರಶ್ನಾವಳಿ ಕಳುಹಿಸಿ ಕಾಯುವುದುಂಟು. ಬೀಡಿಯ ಕೆಲಸ ಕುಗ್ಗಿದ ಮನೆಗಳಲ್ಲಿ ಆ ತಾಯಂದಿರು ಮುಂದೆ ಯಾವ ದುಡಿಮೆಗೆ ಹೊರಳಿದರು, ಭವಿಷ್ಯನಿಧಿಯ ಹಣ ಯಾರ ಕೈ ಸೇರಿತು, ಯಾರದು ಹೆಸರಿನ ಕಾಗುಣಿತ ತಪ್ಪಿ ಇನ್ನೂ ಕಚೇರಿಯಲ್ಲಿ ಉಳಿದಿದೆ ಎಂಬುದನ್ನು ಮನೆಮನೆಗೆ ಹೋಗಿ ಬರೆದುಕೊಂಡರೆ ಅದೇ ಒಂದು ಪ್ರಬಂಧವಾಗುತ್ತದೆ. ಬ್ರಾಂಚಿನವರು ಕೊಟ್ಟ ಲೆಕ್ಕದ ಪುಸ್ತಕಗಳು ಕೆಲವು ಮನೆಗಳ ಟ್ರಂಕುಗಳಲ್ಲಿ ಇನ್ನೂ ಇರಬಹುದು. ಅವು ಗೆದ್ದಲು ಹಿಡಿಯುವ ಮೊದಲೇ ಕೇಳಿ ತೆಗೆಸಿ ನೋಡಬೇಕು.