ಮೊದಲು ಲದ್ದಿ ಪರೀಕ್ಷೆ, ಆಮೇಲೆ ಔಷಧಿ: ಕುದುರೆ ಮಾಲೀಕರಿಗೆ ಜಂತುಹುಳುವಿನ ಪಾಠ

ಇವತ್ತಿನ ವಿಷಯ ಕುದುರೆಯ ಹೊಟ್ಟೆಯೊಳಗಿನ ಜಂತುಹುಳು. ನಮ್ಮ ಕೇಳುಗರಲ್ಲಿ ಕುದುರೆ ಸಾಕಿದವರು ಕಡಿಮೆ ಇರಬಹುದು. ಆದರೂ ಕೇಳಿ. ಒಂದು ಒಳ್ಳೆಯ ಔಷಧಿ ಹೇಗೆ ನಿಧಾನವಾಗಿ ಕೈತಪ್ಪಿ ಹೋಗುತ್ತೆ, ಅದನ್ನು ಉಳಿಸಿಕೊಳ್ಳೋದು ಹೇಗೆ ಅನ್ನೋದು ಇದರಲ್ಲಿದೆ.

ಅಮೆರಿಕದಲ್ಲಿ ಪಶುವೈದ್ಯಕೀಯ ಕಾಲೇಜುಗಳು, ಕುದುರೆ ಆಸ್ಪತ್ರೆಗಳು, ವಿಶ್ವವಿದ್ಯಾಲಯಗಳ ಕೃಷಿ ವಿಸ್ತರಣಾ ಕೇಂದ್ರಗಳು ಕುದುರೆ ಮಾಲೀಕರಿಗಾಗಿ ಆರೋಗ್ಯ ಶಿಬಿರಗಳನ್ನು ನಡೆಸುತ್ತವೆ. ಹಲ್ಲು, ಗೊರಸು, ಲಸಿಕೆ, ಹೊಟ್ಟೆಶೂಲೆ ಹೀಗೆ ಹಲವು ಪಾಠಗಳಿರುತ್ತವೆ. ಅದರಲ್ಲಿ ಜಂತುಹುಳುವಿನ ಪಾಠ ಮಾಲೀಕರನ್ನು ಸ್ವಲ್ಪ ಗಲಿಬಿಲಿ ಮಾಡುತ್ತೆ. ಯಾಕಂದ್ರೆ ಅಲ್ಲಿ ಹೇಳೋದು ಇಷ್ಟು: ಕ್ಯಾಲೆಂಡರ್ ನೋಡಿ ಔಷಧಿ ಕೊಡಬೇಡಿ, ಲದ್ದಿ ಪರೀಕ್ಷೆ ಮಾಡಿಸಿ ಕೊಡಿ.

ಹಳೆಯ ಸಲಹೆ ಎಲ್ಲಿಂದ ಬಂತು?

ಕ್ಯಾಲೆಂಡರ್ ಸಲಹೆ ಕೊಟ್ಟವರೂ ವಿಜ್ಞಾನಿಗಳೇ. 1966ರಲ್ಲಿ ಕೆಂಟಕಿಯ ಡ್ರಜ್ ಮತ್ತು ಲಯನ್ಸ್ ಎಂಬ ಸಂಶೋಧಕರು ಎರಡು ತಿಂಗಳಿಗೊಮ್ಮೆ ಔಷಧಿ ಕೊಡುವ ಕ್ರಮವನ್ನು ಸೂಚಿಸಿದರು. ಆಗಿನ ದೊಡ್ಡ ಶತ್ರು ಸ್ಟ್ರಾಂಗೈಲಸ್ ವಲ್ಗ್ಯಾರಿಸ್ ಎಂಬ ಹುಳು. ಇದರ ಮರಿಹುಳುಗಳು ಕರುಳಿಗೆ ರಕ್ತ ಒಯ್ಯುವ ಅಪಧಮನಿಯೊಳಗೆ ತಿಂಗಳುಗಟ್ಟಲೆ ಬೆಳೆಯುತ್ತವೆ. ಅಲ್ಲಿ ರಕ್ತ ಹೆಪ್ಪುಗಟ್ಟುತ್ತೆ, ಕರುಳಿನ ಒಂದು ಭಾಗಕ್ಕೆ ರಕ್ತ ನಿಂತುಹೋದರೆ ಕುದುರೆ ಸಾಯಬಹುದು.

ಈ ಹುಳು ಬೆಳೆದು ಮೊಟ್ಟೆ ಇಡೋದಕ್ಕೆ ಸುಮಾರು ಆರು ತಿಂಗಳು ಬೇಕು. ಹಾಗಾಗಿ ಪದೇ ಪದೇ ಔಷಧಿ ಕೊಟ್ಟಾಗ ಅದರ ಸಂತತಿ ಕುಸಿಯಿತು. ಸಲಹೆ ಗೆದ್ದಿತು, ರೂಢಿಯಾಗಿ ಉಳಿಯಿತು.

ಆದರೆ ಅದೇ ಕರುಳಿನಲ್ಲಿ ಸಯಾಥೋಸ್ಟೋಮ್ ಎಂಬ ಸಣ್ಣ ಹುಳುಗಳ ಗುಂಪೂ ಇತ್ತು. ಇವುಗಳಲ್ಲಿ ಸುಮಾರು 50 ಜಾತಿಗಳಿವೆ. ಇವುಗಳ ಜೀವನಚಕ್ರ ಚಿಕ್ಕದು, ಸಂಖ್ಯೆ ಅಪಾರ. ಪ್ರತಿ ಸಲ ಔಷಧಿ ಕೊಟ್ಟಾಗ ತಡೆದುಕೊಂಡ ಕೆಲವೇ ಹುಳುಗಳು ಬದುಕಿ ಮೊಟ್ಟೆ ಇಟ್ಟವು. ಇಂದು ಔಷಧಿಗೆ ಬಗ್ಗದ ಸಣ್ಣ ಹುಳುಗಳು ಹಲವು ದೇಶಗಳಲ್ಲಿ ಸಾಮಾನ್ಯ. ಈ ಹುಳುಗಳಿಗೆ ನಮ್ಮ ಹತ್ತಿರ ಇರೋದು ಮೂರೇ ವರ್ಗದ ಔಷಧಿ. ಮೂರನೆಯ ವರ್ಗದ ಐವರ್ಮೆಕ್ಟಿನ್ ಬಂದದ್ದು 1980ರ ದಶಕದ ಆರಂಭದಲ್ಲಿ. ಆಮೇಲೆ ಕುದುರೆಗೆ ನಾಲ್ಕನೆಯದು ಬಂದಿಲ್ಲ.

ಲದ್ದಿ ಏನು ಹೇಳುತ್ತೆ?

ಪರೀಕ್ಷೆ ಸರಳ. 4 ಗ್ರಾಂ ಲದ್ದಿಯನ್ನು 26 ಮಿಲಿಲೀಟರ್ ಗಟ್ಟಿ ಉಪ್ಪುನೀರಿನಲ್ಲಿ ಕಲಸಿ ಸೋಸುತ್ತಾರೆ. ಹುಳುವಿನ ಮೊಟ್ಟೆ ಈ ನೀರಿಗಿಂತ ಹಗುರ, ಹಾಗಾಗಿ ತೇಲುತ್ತೆ. ಮ್ಯಾಕ್‌ಮಾಸ್ಟರ್ ಎಂಬ ಗೆರೆ ಹಾಕಿದ ಸ್ಲೈಡಿನ ಎರಡೂ ಕೋಣೆಗಳಲ್ಲಿ ಸೂಕ್ಷ್ಮದರ್ಶಕದಿಂದ ಮೊಟ್ಟೆ ಎಣಿಸಿ 25ರಿಂದ ಗುಣಿಸಿದರೆ ಒಂದು ಗ್ರಾಂ ಲದ್ದಿಯಲ್ಲಿ ಎಷ್ಟು ಮೊಟ್ಟೆ ಅನ್ನೋದು ಸಿಗುತ್ತೆ. 20 ಮೊಟ್ಟೆ ಕಂಡರೆ ಗ್ರಾಂಗೆ 500. ಅಮೆರಿಕದ ಮಾರ್ಗಸೂಚಿಯಲ್ಲಿ 200ಕ್ಕಿಂತ ಕಡಿಮೆ ಇದ್ದರೆ ಕಡಿಮೆ ಮೊಟ್ಟೆ ಚೆಲ್ಲುವ ಕುದುರೆ, 500ಕ್ಕಿಂತ ಜಾಸ್ತಿ ಇದ್ದರೆ ಹೆಚ್ಚು ಚೆಲ್ಲುವ ಕುದುರೆ.

ಒಂದೇ ಹುಲ್ಲುಗಾವಲಿನ ದೊಡ್ಡ ಕುದುರೆಗಳಲ್ಲಿ ಸಾಮಾನ್ಯವಾಗಿ ಶೇಕಡ 20ರಿಂದ 30ರಷ್ಟು ಕುದುರೆಗಳೇ ಒಟ್ಟು ಮೊಟ್ಟೆಯ ಶೇಕಡ 80ರಷ್ಟನ್ನು ಹುಲ್ಲಿಗೆ ಚೆಲ್ಲುತ್ತವೆ. ಉಳಿದವಕ್ಕೆ ಪದೇ ಪದೇ ಔಷಧಿ ಕೊಟ್ಟರೆ ಲಾಭ ಅಷ್ಟಕ್ಕಷ್ಟೆ. ನಷ್ಟ ಮಾತ್ರ ಇದೆ. ಯಾಕೆ ಗೊತ್ತಾ? ಔಷಧಿ ಮುಟ್ಟದ ಹುಳುಗಳ ಮೊಟ್ಟೆ ಹುಲ್ಲುಗಾವಲಿನಲ್ಲಿ ಉಳಿದಿದ್ದರೆ, ಔಷಧಿಗೆ ಸಾಯುವ ಗುಣದ ಹುಳುಗಳೂ ಉಳಿಯುತ್ತವೆ. ಅವು ಬಗ್ಗದ ಹುಳುಗಳ ಜೊತೆ ಕೂಡಿ ಪ್ರತಿರೋಧದ ಗುಣವನ್ನು ತೆಳುವಾಗಿಸುತ್ತವೆ. ಎಲ್ಲ ಕುದುರೆಗೂ ಒಟ್ಟಿಗೆ ಔಷಧಿ ಕೊಟ್ಟರೆ ಮುಂದಿನ ತಲೆಮಾರು ಬರೀ ಬಗ್ಗದ ಹುಳುಗಳದ್ದೇ. ಒಂದಷ್ಟು ಹುಳುಗಳನ್ನು ಬೇಕಂತಲೇ ಬಿಡೋದು ವಿಚಿತ್ರ ಅನ್ನಿಸುತ್ತೆ, ಆದರೆ ಔಷಧಿಯನ್ನು ಉಳಿಸೋದು ಆ ಹುಳುಗಳೇ.

ಔಷಧಿ ಕೆಲಸ ಮಾಡ್ತಾ ಇದೆಯಾ ಅಂತ ತಿಳಿಯೋದಕ್ಕೂ ಇದೇ ಪರೀಕ್ಷೆ. ಕೊಡುವ ದಿನ ಒಮ್ಮೆ, 14 ದಿನದ ನಂತರ ಇನ್ನೊಮ್ಮೆ ಎಣಿಸಿ. 800 ಇದ್ದದ್ದು ಸೊನ್ನೆಗೆ ಹತ್ತಿರ ಬಂದರೆ ಸರಿ. ಹಲವು ಕುದುರೆಗಳಲ್ಲಿ 400ಕ್ಕೇ ನಿಂತರೆ ಆ ಲಾಯದಲ್ಲಿ ಆ ಔಷಧಿಯ ಕಾಲ ಮುಗಿದಿದೆ ಅಂತ ಅರ್ಥ.

ಹಾಗಂತ ಪೂರ್ತಿ ನಿಲ್ಲಿಸಬಹುದಾ?

ಇಲ್ಲ. ಡೆನ್ಮಾರ್ಕ್ 1999ರಿಂದ ಈ ಔಷಧಿಗಳನ್ನು ಪಶುವೈದ್ಯರ ಚೀಟಿ ಇಲ್ಲದೆ ಮಾರೋದನ್ನು ನಿಲ್ಲಿಸಿತು. ಬರೀ ಮೊಟ್ಟೆ ಲೆಕ್ಕದ ಮೇಲೆ ಔಷಧಿ ಕೊಟ್ಟ ಲಾಯಗಳಲ್ಲಿ ಆ ಹಳೆಯ ಅಪಧಮನಿ ಹುಳು ಹೆಚ್ಚು ಕಾಣಿಸಿತು. ಆದ್ದರಿಂದ ಪ್ರತಿ ದೊಡ್ಡ ಕುದುರೆಗೂ ವರ್ಷಕ್ಕೆ ಒಂದೆರಡು ಸಲ ಔಷಧಿ ಇರಲಿ, ಅದಕ್ಕಿಂತ ಹೆಚ್ಚಿನದು ಹೆಚ್ಚು ಮೊಟ್ಟೆ ಚೆಲ್ಲುವ ಕುದುರೆಗೆ ಮಾತ್ರ ಅನ್ನೋದು ಈಗಿನ ಸಲಹೆ. ಮರಿಗಳ ಕ್ರಮವೇ ಬೇರೆ, ಅದನ್ನು ವೈದ್ಯರನ್ನು ಕೇಳಿಯೇ ಮಾಡಬೇಕು. ಪರೀಕ್ಷೆಗೂ ಮಿತಿ ಇದೆ: ಕರುಳಿನ ಗೋಡೆಯೊಳಗೆ ಅಡಗಿ ನಿದ್ರಿಸುವ ಮರಿಹುಳುಗಳು ಮೊಟ್ಟೆ ಇಡೋದಿಲ್ಲ, ಹಾಗಾಗಿ ಲೆಕ್ಕಕ್ಕೆ ಸಿಗೋದಿಲ್ಲ.

ಮಾಲೀಕರು ಮನೆಗೆ ಒಯ್ಯಬೇಕಾದ ಕೆಲಸಗಳು ನಾಲ್ಕು. ಲದ್ದಿ ತಾಜಾ ಇರಲಿ, ಚೀಲದ ಗಾಳಿ ಹಿಂಡಿ ಫ್ರಿಜ್ಜಿನಲ್ಲಿಡಿ, ಹೆಪ್ಪುಗಟ್ಟಿಸಬೇಡಿ. ಕುದುರೆಯ ತೂಕವನ್ನು ಅಂದಾಜಿನಲ್ಲಿ ಹೇಳದೆ ಅಳತೆ ಪಟ್ಟಿಯಿಂದ ನೋಡಿ, ಅರೆಬರೆ ಪ್ರಮಾಣ ಬಗ್ಗದ ಹುಳುಗಳಿಗೇ ಅನುಕೂಲ. ವಾರಕ್ಕೆರಡು ಸಲ ಹುಲ್ಲುಗಾವಲಿನ ಲದ್ದಿ ಎತ್ತಿ. ಹೊಸ ಕುದುರೆ ಬಂದರೆ ಪರೀಕ್ಷೆ ಆಗುವ ತನಕ ಬೇರೆ ಕಟ್ಟಿ.

ಊರಿನಲ್ಲಿ ನಿಮ್ಮ ಮನೆಯವರು ಕುರಿ, ಮೇಕೆ ಸಾಕಿದ್ದರೆ ಈ ಮಾತನ್ನು ಅವರಿಗೂ ದಾಟಿಸಿ. ಅವುಗಳಿಗೆ ಕುಡಿಸುವ ಜಂತುಹುಳು ಔಷಧಿಗಳೂ ಬಹುಪಾಲು ಇದೇ ವರ್ಗಗಳವು, ಅಲ್ಲೂ ಇದೇ ಪ್ರತಿರೋಧ ಬೆಳೆಯುತ್ತಿದೆ. ಪ್ರಮಾಣ, ಕಾಲ ಎರಡನ್ನೂ ಅಲ್ಲಿನ ಪಶುವೈದ್ಯರೇ ಹೇಳಲಿ.