ಕನ್ನಡ ಚಾನೆಲ್ ಕೇಳಿ ಪಡೆಯಿರಿ

ಪುಣೆಯಲ್ಲಿ ನೆಲೆಸಿರುವ ಕನ್ನಡ ಬಂಧುಗಳೇ, ಈ ತಿಂಗಳ ಟಿವಿ ಬಿಲ್ಲನ್ನು ಒಮ್ಮೆ ಪೂರ್ತಿ ಓದಿ.

ಪುಣೆ, ಪಿಂಪ್ರಿ-ಚಿಂಚವಡಗಳ ಕೇಬಲ್ ಮನೆಗಳಿಗೆ ಸೆಟ್‌ಟಾಪ್ ಬಾಕ್ಸ್ ಹಾಕಿಸಲು ಸರ್ಕಾರ ಕೊಟ್ಟ ಗಡುವು 2013ರ ಮಾರ್ಚ್ 31. ಆಮೇಲೆ, ಬೇಕಾದ ಚಾನೆಲ್‌ಗಷ್ಟೇ ಹಣ ಕೊಡಿ ಎಂಬ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮ 2019ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಆಶಯ ಒಳ್ಳೆಯದೇ. ಆದರೆ ಸಂಪರ್ಕಕ್ಕೆಂದು ಕಟ್ಟುವ ಮೂಲಶುಲ್ಕ, ಪ್ಯಾಕ್, ತೆರಿಗೆ ಎಂಬ ಲೆಕ್ಕದಲ್ಲಿ ಹಿರಿಯರು ಕಂಗಾಲಾದರು. ಮರಾಠಿ, ಹಿಂದಿ ಪ್ಯಾಕ್ ಹಾಕಿಸಿಕೊಂಡ ಮನೆಯಲ್ಲಿ ಅಮ್ಮನ ಕನ್ನಡ ಧಾರಾವಾಹಿ ಮಾಯವಾಗಿರುತ್ತದೆ.

ಹಾಗಾದರೆ ಸುಮ್ಮನಿರಬೇಡಿ. ಕನ್ನಡ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಕೇಳುವ ಹಕ್ಕು ನಿಮಗಿದೆ. ಪ್ರತಿ ಚಾನೆಲ್‌ನ ಬೆಲೆ ಕೇಳಿ, ಪ್ಯಾಕ್ ಬೆಲೆಯೊಂದಿಗೆ ಹೋಲಿಸಿ. ಒಂದೇ ಚಾನೆಲ್‌ನ ಎಚ್‌ಡಿ, ಎಸ್‌ಡಿ ಎರಡಕ್ಕೂ ಹಣ ಕಟ್ಟುತ್ತಿದ್ದರೆ ಒಂದನ್ನು ತೆಗೆಸಿ. ಮೂಲಶುಲ್ಕದ ಗರಿಷ್ಠ ಮಿತಿಯನ್ನು ಟ್ರಾಯ್ 2024ರ ಜುಲೈನಲ್ಲಿ ತೆಗೆದುಹಾಕಿದೆ. ಆದ್ದರಿಂದ ಅದು ಕಂಪನಿಯಿಂದ ಕಂಪನಿಗೆ ಬೇರೆಯಾಗಬಹುದು; ಬೇರೆ ಕಂಪನಿಗಳ ದರವನ್ನೂ ವಿಚಾರಿಸಿ. ದೂರದರ್ಶನದ ಕನ್ನಡ ಚಾನೆಲ್ ಚಂದನ ಸಾಕೆನ್ನುವವರಿಗೆ ಡಿಡಿ ಫ್ರೀ ಡಿಶ್ ಇದೆ, ಅದಕ್ಕೆ ತಿಂಗಳ ಬಾಡಿಗೆಯಿಲ್ಲ.

ತೊಂದರೆಯಾದರೆ ಮೊದಲು ಕಂಪನಿಯ ಗ್ರಾಹಕ ಸೇವೆಗೆ ದೂರು ಕೊಟ್ಟು, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಬಗೆಹರಿಯದಿದ್ದರೆ ಅವರದೇ ನೋಡಲ್ ಅಧಿಕಾರಿಗೆ ಬರೆಯಿರಿ. ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ಇತ್ಯರ್ಥ ಮಾಡುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಪಕ್ಕದ ಮನೆಯ ಅಜ್ಜ-ಅಜ್ಜಿಗೆ ಈ ಲೆಕ್ಕ ಕಷ್ಟವಾಗಿದ್ದರೆ, ಒಂದು ಭಾನುವಾರ ಜೊತೆಗೆ ಕೂತು ಚಾನೆಲ್ ಆರಿಸಿಕೊಡಿ. ಮನೆಯೊಳಗೆ ಕನ್ನಡ ಕೇಳಿಸುತ್ತಿರುವುದು ಅವರಿಗೆ ದೊಡ್ಡ ಆಸರೆ.